ಟಿಕೀಟಿನಷ್ಟು ಸಡಿಲ

ಚೀಲದಿಂದ ಗಾಳದ ರೀಲನ್ನು ತೆಗೆದು ಮೊದಲನೆಯ ಸ್ಕ್ರೂವಿಗೆ ತಿರುಪುಳಿ ಇಟ್ಟ ಕೂಡಲೇ ಗೊತ್ತಾಯಿತು, ನನಗಿಂತ ಮೊದಲು ಯಾರೋ ಇದನ್ನು ಬಿಚ್ಚಿದ್ದಾರೆ. ಸ್ಕ್ರೂವಿನ ತಲೆ ಕೆತ್ತಿಹೋಗಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಎಂಥ ಒರಟು ಕೈಯಪ್ಪಾ ಎಂದು ಬೈದು ಸುಮ್ಮನಾಗುತ್ತಿದ್ದೆ. ಆದರೆ ಒಂದು ಗೀರೂ ಇರಲಿಲ್ಲ. ಮೂಲೆಮೂಲೆಯ ಹಳೆಯ ಜಿಡ್ಡನ್ನು ಒರೆಸಿ ತೆಗೆದಿದ್ದರು. ನಡುವಿನ ಅಚ್ಚುಕಡ್ಡಿಯ ಬುಡಕ್ಕೆ ತೆಳ್ಳಗಿನ ಚರ್ಮದ ಬಿಲ್ಲೆಯೊಂದನ್ನು ಕತ್ತರಿಸಿ ಕೂರಿಸಿದ್ದರು. ಅದರ ಅಂಚು ಎಷ್ಟು ದುಂಡಗಿತ್ತೆಂದರೆ, ನಾನೇ ಕತ್ತರಿಸಿದ್ದರೂ ಅದಕ್ಕಿಂತ ದುಂಡಗೆ ಬರುತ್ತಿರಲಿಲ್ಲ.

"ಯಾರು ಇದ್ನ ಮುಟ್ಟಿದ್ದು?" ಎಂದು ಸಾಹೇಬರ ಬಂಗಲೆಯಿಂದ ರೀಲು ತಂದಿದ್ದ ಬಟ್ಲರನನ್ನು ಕೇಳಿದೆ.

"ಯಲ್ಲಾಪುರದ ಮೋಟಾರು ಡ್ರೈವರು. ಸಾಹೇಬ್ರೇ ನೋಡು ಹೇಳಿ ಕೊಟ್ಟಿದ್ರು. ಅವ ಎಲ್ಲಾ ಬಿಚ್ಚಿ ನೋಡಿ, ಕಡ್ಡಿ ಬಗ್ಗಿದೆ, ಇದು ನನ್ನ ಕೈಲಾಗೂದಲ್ಲ, ಶಿರಸಿ ಉಸ್ತಾದ್ರೇ ಆಗ್ಬೇಕು ಅಂದ."

ಇದು ನನ್ನನ್ನು ಹೊಗಳಿದ ಮಾತೇ. ಆದರೆ ನನ್ನ ಕಿವಿಯಲ್ಲಿ ಉಳಿದದ್ದು 'ಸಾಹೇಬ್ರೇ ಕೊಟ್ಟಿದ್ರು' ಎಂಬುದೊಂದೇ.

ಜಂಗಲ್ ಖಾತೆಯ ಈ ಸಾಹೇಬರಿಗೆ ಗಾಳದ ಹುಚ್ಚು. ಮಳೆ ಹಿಂದಾಗಿ ಹೊಳೆ ತಿಳಿಯಾಯಿತೆಂದರೆ ಬೇಡ್ತಿಯ ದಂಡೆಯಲ್ಲಿದ್ದ ಬಂಗಲೆಗೆ ಬಂದು ಇಳಿಯುವರು, ಮಹಶೀರ ಮೀನಿಗೆ ಗಾಳ ಹಾಕುವರು. ಮೀನು ಹಿಡಿಯುವುದಕ್ಕಿಂತಲೂ ಅವರಿಗೆ ಇಷ್ಟವಾದದ್ದು ಸಂಜೆ ಜಗಲಿಯಲ್ಲಿ ಬಿಳಿ ಬಟ್ಟೆ ಹಾಸಿಕೊಂಡು ರೀಲು ಬಿಚ್ಚುವುದು. ಬಿಚ್ಚುವರು, ಒರೆಸುವರು, ಮತ್ತೆ ಜೋಡಿಸುವರು. ಜೋಡಿಸಿದ ಮೇಲೆ ಯಾವಾಗಲೂ ಒಂದು ಸ್ಕ್ರೂ ಮಿಕ್ಕುತ್ತಿತ್ತು. ಆ ಸ್ಕ್ರೂವನ್ನು ಲಕೋಟೆಯಲ್ಲಿ ಹಾಕಿ, ರೀಲಿನ ಜೊತೆ ಶಿರಸಿಯ ನನ್ನ ಗಡಿಯಾರದ ಅಂಗಡಿಗೆ ಕಳಿಸುವರು. ಮೂರು ವರ್ಷ ಹೀಗೇ ನಡೆದಿತ್ತು. ಈ ಸಲ ಲಕೋಟೆ ಬರಲಿಲ್ಲ. ಡ್ರೈವರನು ಎಲ್ಲ ಸ್ಕ್ರೂಗಳನ್ನೂ ಅವುಗಳ ಜಾಗದಲ್ಲೇ ಕೂರಿಸಿದ್ದ.

ನಾನೂ ಗಾಳ ಹಾಕುವವನೇ. ಒಂದು ಹಾಳು ಗೋಡೆ ಗಡಿಯಾರದ ಹಿತ್ತಾಳೆ ತಟ್ಟೆಗಳಿಂದ ನನಗೆ ನಾನೇ ರೀಲು ಮಾಡಿಕೊಂಡಿದ್ದೆ. ಮೊದಮೊದಲು ರಜೆಯ ದಿನ ಅದನ್ನು ಬಿಚ್ಚಿ ಹರಡಿಕೊಂಡು ಕೂತರೆ ಊಟದ ನೆನಪೂ ಇರುತ್ತಿರಲಿಲ್ಲ. ಸಾಹೇಬರ ರೀಲು ಕೈಗೆ ಬಂದು ಊರಲ್ಲಿ ಹೆಸರಾದ ಮೇಲೆ ನನ್ನದು ಮೊಳೆಗೆ ತೂಗುಬಿದ್ದಿತು. ಖುಷಿಗೆ ಮಾಡುತ್ತಿದ್ದದ್ದನ್ನು ಹೆಸರಿಗಾಗಿ ಮಾಡತೊಡಗಿದರೆ ಖುಷಿ ಹೋಗುತ್ತದೆ, ಹೆಸರಿನ ಕಾವಲು ಮಾತ್ರ ಉಳಿಯುತ್ತದೆ.

ಆ ವರ್ಷ ಬರೀ ಹೆಸರಿನ ಮಾತೂ ಆಗಿರಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಜಂಗಲ್ ಬಂಗಲೆಗಳ ಗಡಿಯಾರಗಳನ್ನೂ ಅಳತೆಯ ದುರ್ಬೀನುಗಳನ್ನೂ ನೋಡಿಕೊಳ್ಳಲು ಖಾತೆಯವರು ಒಬ್ಬ ಖಾಯಂ ಮನುಷ್ಯನನ್ನು ಗೊತ್ತುಮಾಡುವವರಿದ್ದರು. ಯಾರೆಂದು ಬರೆದು ಕಳಿಸಬೇಕಾದವರು ಇದೇ ಸಾಹೇಬರು. ಹನ್ನೆರಡು ದಿನದಲ್ಲಿ ಅವರ ಮೇಲಿನ ದೊಡ್ಡ ಸಾಹೇಬರು ಗಾಳಕ್ಕೆ ಬರುವವರಿದ್ದರು, ಅಷ್ಟರೊಳಗೆ ರೀಲು ತಯಾರಾಗಬೇಕಿತ್ತು. ರೀಲು ಚೆನ್ನಾಗಿ ಓಡಿದರೆ ಆ ಕೆಲಸ ನನ್ನದು ಎಂದು ಬಟ್ಲರನೇ ಕಿವಿಯಲ್ಲಿ ಹೇಳಿದ್ದ. ಡ್ರೈವರನಿಗೂ ಆ ಕೆಲಸದ ಮೇಲೆ ಕಣ್ಣಿದೆಯೆಂದು ನಾನು ಯಾರನ್ನೂ ಕೇಳದೆಯೇ ತೀರ್ಮಾನಿಸಿಕೊಂಡೆ.

ಮೊದಲು ಆ ಚರ್ಮದ ಬಿಲ್ಲೆಯನ್ನು ಚಿಮಟಿಗೆಯಲ್ಲಿ ಎತ್ತಿ ಕಸದ ಡಬ್ಬಿಗೆ ಎಸೆದೆ.

ರೀಲಿನ ರಚನೆ ಕಷ್ಟದ್ದಲ್ಲ. ಹಿಂದೊಂದು ತಟ್ಟೆ, ಅದರ ನಡುವೆ ನೆಟ್ಟ ಉಕ್ಕಿನ ಅಚ್ಚುಕಡ್ಡಿ. ರೇಶ್ಮೆ ದಾರ ಸುತ್ತುವ ಉರುಳೆ ಆ ಕಡ್ಡಿಯ ಮೇಲೆ ತಿರುಗುತ್ತದೆ. ಉರುಳೆಯ ಹೊಟ್ಟೆಯೊಳಗೆ, ಕಡ್ಡಿ ಹೋಗುವಲ್ಲಿ ಹಿತ್ತಾಳೆಯ ಬಳೆ. ಪಕ್ಕದಲ್ಲೊಂದು ಹಲ್ಲಿನ ಚಕ್ರ, ಅದಕ್ಕೆ ತಾಗುವ ಉಕ್ಕಿನ ನಾಲಿಗೆ. ಮೀನು ದಾರ ಎಳೆದಾಗ ಕಿರ್‍ರ್ ಎನ್ನುವುದು ಅದೇ. ಹಿಂದಿನ ಮೀನೊಂದು ಎಳೆದ ಎಳೆತಕ್ಕೆ ಕಡ್ಡಿ ಕೂದಲೆಳೆಯಷ್ಟು ಬಗ್ಗಿತ್ತು. ಬಳೆ ಸವೆದು ಮೊಟ್ಟೆಯಾಕಾರವಾಗಿತ್ತು, ಉರುಳೆ ಕುಡಿದವನ ಹಾಗೆ ವಾಲಾಡುತ್ತಿತ್ತು.

ಹಳೆಯ ಗೋಪುರ ಗಡಿಯಾರದ್ದೊಂದು ಉಕ್ಕಿನ ತುಂಡು ನನ್ನಲ್ಲಿತ್ತು. ಅದನ್ನು ಬಿಲ್ಲಿನಿಂದ ತಿರುಗಿಸುವ ನನ್ನ ಪುಟ್ಟ ಲೇತಿಗೆ ಏರಿಸಿ, ಎಡಗೈಯಲ್ಲಿ ಬಿಲ್ಲು ಎಳೆಯುತ್ತ ಬಲಗೈಯಲ್ಲಿ ಉಳಿ ಹಿಡಿದು ಎರಡು ದಿನ ಕಡೆದೆ. ನಮ್ಮದು ಚಿನ್ನದ ಕೆಲಸದ ಮನೆ. ಅಪ್ಪನ ಊದುಕೊಳವೆಯಿಂದಲೇ ಕಡ್ಡಿಯನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲದ್ದಿ, ಮತ್ತೆ ಒಣಹುಲ್ಲಿನ ಬಣ್ಣ ಬರುವವರೆಗೆ ಹದ ಮಾಡಿದೆ. ಹೊಸ ಬಳೆ ಕೂರಿಸಿ, ಒಂದೊಂದೇ ಸುತ್ತು ಕೊರೆಯುತ್ತ, ಪ್ರತಿ ಸುತ್ತಿಗೂ ಕಡ್ಡಿಯನ್ನು ತೂರಿಸಿ ನೋಡುತ್ತ ಬಂದೆ. ಗಡಿಯಾರದವನ ಕೈಗೆ ಒಂದೇ ಗುರಿ: ಅಲ್ಲಾಟವಿರಬಾರದು. ಕೊನೆಗೆ ಉರುಳೆಯನ್ನು ಕಡ್ಡಿಗೆ ತೊಡಿಸಿ ಬಿಟ್ಟರೆ ಅದು ತನ್ನ ಭಾರಕ್ಕೆ ತಾನೇ, ಒಳಗಿನ ಗಾಳಿಯನ್ನು ನಿಧಾನವಾಗಿ ನೂಕುತ್ತ ಕೆಳಗಿಳಿಯಿತು. ಅದನ್ನು ನೋಡಿ ನನಗೆ ಮೈ ಜುಮ್ಮೆಂದಿತು. ಬೆರಳಲ್ಲಿ ಮೀಟಿದರೆ ಸದ್ದಿಲ್ಲದೆ ತಿರುಗಿತು.

"ಇದ್ನ ಮಾಡ್ಲಿ ನೋಡ್ತೆ ಆ ಡ್ರೈವರು! ಗ್ರೀಸು ಮೆತ್ತೂ ಕೈಗೆ ಇದೆಲ್ಲ ಬರೂದಲ್ಲ" ಎಂದೆ.

ಹೆಂಡತಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, "ನೀವು ಹಿಂದೆ ರೀಲು ಮಾಡುವಾಗ ಮೀನಿನ ಮಾತು ಆಡ್ತಿದ್ರಿ. ಈಗ ಎಂಟು ದಿವಸದಿಂದ ಡ್ರೈವರಂದೇ ಪುರಾಣ" ಎಂದಳು.

ಶನಿವಾರ ರೀಲಿನ ಚೀಲ ಮತ್ತು ಸಣ್ಣ ಹತಾರಗಳ ಪೆಟ್ಟಿಗೆ ಹಿಡಿದು ಯಲ್ಲಾಪುರದ ಮೋಟಾರು ಹತ್ತಿದೆ. ಬೇರೆ ಮೋಟಾರು ಇರಲಿಲ್ಲ, ಅವನದ್ದನ್ನೇ ಹತ್ತಬೇಕಾಯಿತು. ಡ್ರೈವರು ಯಲ್ಲಾಪುರದ ಮುಸಲ್ಮಾನರವ, ಹುಬ್ಬಳ್ಳಿಯ ಕಡೆ ಬಹಳ ವರ್ಷ ಗಾಡಿ ಹೊಡೆದವ. ಮಾತೂ ಆ ಕಡೆಯದೇ. ನನ್ನನ್ನು ಕಂಡವನೇ ಮುಂದಿನ ಸೀಟಿನಲ್ಲಿದ್ದವನನ್ನು ಎಬ್ಬಿಸಿ ಹಿಂದೆ ಕಳಿಸಿದ.

"ಬರ್ರಿ ಉಸ್ತಾದ್ರ, ಇಲ್ಲೇ ಕೂಡ್ರಿ. ನಿಮ್ಮನ್ನ ಭೇಟಿ ಆಗಬೇಕಂತ ಎಷ್ಟು ದಿನದಿಂದ ಅನ್ಕೋತಿದ್ದೆ. ಚರ್ಕಿ ಆತೇನ್ರಿ?"

ಅವನು ರೀಲಿಗೆ ಚರ್ಕಿ ಎನ್ನುತ್ತಿದ್ದ. ಆಯಿತೆಂದು ಹೇಳಿ ಚೀಲವನ್ನು ಮಡಿಲಲ್ಲಿ ಒತ್ತಿ ಹಿಡಿದುಕೊಂಡೆ, ತೋರಿಸಲಿಲ್ಲ. ಅವನು ಕೊಟ್ಟ ನಸುಗೆಂಪಿನ ದಪ್ಪ ಕಾಗದದ ಟಿಕೀಟನ್ನು ಅಂಗಿಯ ಕಿಸೆಗೆ ಹಾಕಿಕೊಂಡೆ.

ಮಂಚಿಕೇರಿ ದಾಟಿ ಹೊಳೆಯ ಹತ್ತಿರ ಮೋಟಾರು ನಿಂತಿತು. ಮುಂದೆ ಏರು ಇದ್ದುದರಿಂದ ಇಂಜಿನ್ನು ತಣಿಯಬೇಕು, ನೀರು ಹೊಯ್ಯಬೇಕು. ಕ್ಲೀನರು ಕೊಡ ಹಿಡಿದು ಹೊಳೆಗಿಳಿದ. ಡ್ರೈವರು ಸೀಟಿನ ಕೆಳಗಿನ ಪೆಟ್ಟಿಗೆಯಿಂದ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ತೆಗೆದ. ಅವನದೇ ರೀಲು. ಯಾವುದೋ ಸಾಹೇಬನು ಊರು ಬಿಡುವಾಗ ಸಾಮಾನು ಹರಾಜಿನಲ್ಲಿ ಸಿಕ್ಕಿದ್ದಂತೆ. ಒಂದು ಕಡೆಯ ತಟ್ಟೆ ಒಡೆದಿದ್ದಕ್ಕೆ ತಗಡಿನ ತೇಪೆ, ಹಿಡಿಕೆ ಬೀಟೆ ಮರದ್ದು.

"ಬೀಟೆ ಸರ್ಕಾರಿ ಮರ, ಎಲ್ಲಿಂದ ಬಂತು? ಜಂಗಲ್ ಸಾಹೇಬ್ರಿಗೆ ಗೊತ್ತಿದ್ಯಾ?" ಎಂದು ಚುಚ್ಚಿದೆ.

"ಅವರ ಮುರಕ ಖುರ್ಚಿ ಕಾಲ್ರಿ ಇದು, ಅವರೇ ಕೊಟ್ಟಾರ" ಎಂದು ನಕ್ಕ.

ಮಡ್ಗಾರ್ಡಿನ ಮೇಲೆ ಬಟ್ಟೆ ಹಾಸಿ, ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತ ಹೋದ. ಬೆರಳುಗಳ ಉಗುರು ಕಪ್ಪು, ಬೆರಳು ದಪ್ಪ. ಆದರೂ ಒಂದು ಸ್ಕ್ರೂ ಉರುಳಲಿಲ್ಲ. ಅವನ ಬಾಯಲ್ಲಿ ಸಣ್ಣಗೆ ಯಾವುದೋ ರಾಗ. ಒಂದೊಂದು ಭಾಗವನ್ನೂ ಬೆಳಕಿಗೆ ಹಿಡಿದು ನೋಡಿ ತನ್ನಷ್ಟಕ್ಕೆ ತಾನೇ ತಲೆಯಾಡಿಸುತ್ತಿದ್ದ. ರಿಪೇರಿಗೆ ಅದರಲ್ಲಿ ಏನೂ ಇರಲಿಲ್ಲ, ಬರೀ ಖುಷಿಗೆ ಬಿಚ್ಚಿದ್ದು. ನನಗೆ ಹೊಟ್ಟೆಕಿಚ್ಚಾಯಿತು. ಅವನ ಕೈಚಳಕ ಕಂಡು ಅಲ್ಲ. ಅವನ ಮುಖದಲ್ಲಿ ಇದ್ದದ್ದು ಒಂದು ಕಾಲಕ್ಕೆ ನನ್ನ ಮುಖದಲ್ಲಿಯೂ ಇತ್ತು, ಅದಕ್ಕೆ.

ಊಟದ ಹೊತ್ತಿಗೆ ಮನೆ ಸೇರುವ ಆತುರದಲ್ಲಿದ್ದ ನಂದೊಳ್ಳಿಯ ಹೆಗಡೆಯೊಬ್ಬರು ಹಿಂದಿನ ಸೀಟಿನಿಂದ ಕೂಗಿದರು: "ಎಂತದ ಮಾರಾಯಾ, ನಿನ್ನ ಚರ್ಕಿ ಪೂಜೆ ಆಯ್ದಿಲ್ಯ ಇನ್ನೂವ? ಆನು ಊಟದ ಹೊತ್ತಿಗೆ ಮನೆ ಮುಟ್ಟವು!"

"ಆತ್ರಿ ಹೆಗಡೇರ, ಮಂಗಳಾರತಿ ಒಂದು ಬಾಕಿ" ಎಂದ ಡ್ರೈವರು. ಜನ ನಕ್ಕರು. ಯಾರಿಗೂ ಅವನ ಮೇಲೆ ಸಿಟ್ಟಿರಲಿಲ್ಲ, ಅದೂ ನನಗೆ ಹಿಡಿಸಲಿಲ್ಲ.

ಬಂಗಲೆ ಅಲ್ಲಿಯೇ ದಿಬ್ಬದ ಮೇಲಿದ್ದುದರಿಂದ ನಾನು ಇಳಿಯಬೇಕಿತ್ತು. ಇಳಿಯುವಾಗ ಅವನು, "ಒಮ್ಮೆ ತೋರಸ್ರಿ ಉಸ್ತಾದ್ರ" ಎಂದು ಅಷ್ಟು ಆಸೆಯಿಂದ ಕೇಳಿದ ಮೇಲೆ ಇಲ್ಲವೆನ್ನಲಾಗಲಿಲ್ಲ. ಕೈಗಿತ್ತೆ. ಉರುಳೆಯನ್ನು ಮೀಟಿದ, ಕಿವಿಗೆ ಹಿಡಿದು ಕೇಳಿದ.

"ಅಬ್ಬಾ, ಏನು ಕೆಲಸಾ ಮಾಡೀರಿ! ಬೆಣ್ಣೆ ಆಗೇತಿ." ಮತ್ತೊಮ್ಮೆ ಮೀಟಿ, ಉರುಳೆಯ ಅಂಚನ್ನು ಬೆರಳಲ್ಲಿ ಒತ್ತಿ ನೋಡಿದ. "ಆದ್ರ ಉಸ್ತಾದ್ರ, ಸ್ವಲ್ಪ ಬಿಗಿ ಆತೇನೋ. ಹೊಳ್ಯಾಗ ನೀರು ಹೊಕ್ಕತೈತಿ, ಉಸುಕು ಹೊಕ್ಕತೈತಿ. ಅದಕ್ಕ ಹೊರಗ ಬರಾಕ ದಾರಿ ಬೇಕಲ್ರಿ. ನಾನು ಪಕ್ಕದ ಸಂದಿಗೆ ಈ ಟಿಕೀಟು ತೂರಿಸಿ ನೋಡ್ತೀನಿ. ಟಿಕೀಟಿನಷ್ಟು ಸಡಿಲ ಇಟ್ಟು, ಗ್ರೀಸು ತುಂಬಿ, ಬುಡಕ್ಕ ಚರ್ಮ ಹಾಕಿಬಿಟ್ರ ಆತು."

"ಬಿಗಿ ಅಲ್ಲ ಡ್ರೈವರ್ರೆ, ಸರಿ. ಮೋಟಾರು ಗಾಲಿ ಬೇರೆ, ಇದು ಬೇರೆ" ಎಂದು ರೀಲನ್ನು ತೆಗೆದುಕೊಂಡೆ.

"ಹೌದ್ರಿ, ಅದೂ ಖರೇನೇ" ಎಂದ. ಅವನಿಗೆ ಬೇಸರವೇ ಆಗಲಿಲ್ಲ.

ಭಾನುವಾರ ಮೋಟಾರಿಗೆ ರಜೆ. ಬೆಳಿಗ್ಗೆ ಸಾಹೇಬರು ಹೊಸ ಕಡ್ಡಿ ಹಾಕಿದ ರೀಲನ್ನು ಹೊಳೆಯಲ್ಲಿ ಪರೀಕ್ಷೆ ಮಾಡುವವರಿದ್ದರು. ನಾನು ಬಟ್ಲರನ ಜೊತೆ ಮಡುವಿನ ಹತ್ತಿರ ಇಳಿದಾಗ ಡ್ರೈವರು ಆಗಲೇ ಬಂದು ಬಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಸಾಹೇಬರೇ ಕರೆಸಿದ್ದರಂತೆ.

ಸಾಹೇಬರು ದಾರದ ತುದಿಗೆ ಚಮಚದಂಥ ಹಿತ್ತಾಳೆ ತಗಡು ಕಟ್ಟಿ ಬೀಸಿದರು. ದಾರ ಹೊಳೆಯ ನಡುವಿನವರೆಗೆ ಹೋಯಿತು. "ಬಹು ಸೊಗಸಾಗಿದೆ!" ಎಂದರು. ಅವರು ನೌಕರಿಯ ಪರೀಕ್ಷೆಗೆಂದು ಪುಸ್ತಕದಿಂದ ಕನ್ನಡ ಕಲಿತವರು, ಮಾತೆಲ್ಲ ಗ್ರಾಂಥಿಕ. ಒಂದು ತಾಸಿನಲ್ಲಿ ಎರಡು ಸಣ್ಣ ಮೀನು ಸಿಕ್ಕವು. ಎರಡನೆಯದನ್ನು ಗಾಳದಿಂದ ಬಿಡಿಸುವಾಗ ಕೋಲನ್ನು ರೀಲಿನ ಸಮೇತ ದಂಡೆಯ ಮರಳಿನಲ್ಲಿ ಒರಗಿಸಿದರು. ನನಗೆ ಡ್ರೈವರನು ಹೇಳಿದ ಉಸುಕಿನ ಮಾತು ನೆನಪಾಯಿತು. ಆದರೂ ಅದನ್ನು ಎತ್ತಿಡಿ ಎನ್ನಲಿಲ್ಲ. ಡ್ರೈವರನ ಮುಂದೆ ನನ್ನ ಕೆಲಸಕ್ಕೆ ನಾನೇ ಅಂಜುವುದುಂಟೇ?

ಮುಂದಿನ ಬೀಸಿಗೇ ದೊಡ್ಡದೊಂದು ಕಚ್ಚಿತು. ರೀಲು ಕಿರ್‍ರ್ ಎಂದು ಕೂಗಿತು, ದಾರ ಕಣ್ಣೆದುರೇ ಕರಗಿತು. ಸಾಹೇಬರು ನೀರಿನಲ್ಲಿ ಮೊಣಕಾಲಿನವರೆಗೆ ಓಡಿದರು. ಅಷ್ಟರಲ್ಲಿ ಕೂಗು ಗೊಗ್ಗರಾಗಿ, ಕಿರುಗುಟ್ಟಿ, ನಿಂತೇ ಹೋಯಿತು. ಉರುಳೆ ಕಚ್ಚಿಕೊಂಡಿತ್ತು. ಮೀನು ನಿಲ್ಲಬೇಕಲ್ಲ! ಕೋಲು ಬಿಲ್ಲಾಗಿ ಬಗ್ಗಿ, ದಾರ ಫಟ್ಟೆಂದು ಹರಿಯಿತು.

ಸಾಹೇಬರು ದಂಡೆಗೆ ಬಂದು ಕೋಲಿನಿಂದ ರೀಲನ್ನು ಬಿಡಿಸಿ ಕೈ ಚಾಚಿದರು. ಚಾಚಿದ್ದು ನನ್ನ ಕಡೆಗಲ್ಲ, ಡ್ರೈವರನ ಕಡೆಗೆ.

ಆ ಕ್ಷಣದಲ್ಲಿ ನನಗಾದದ್ದನ್ನು ಈಗಲೂ ನೆನಪಿಸಿಕೊಳ್ಳಲು ಮನಸ್ಸಾಗುವುದಿಲ್ಲ. ಈ ಸಲದವರೆಗೆ, ಮೂರು ವರ್ಷ, ಆ ರೀಲು ರಿಪೇರಿಗೆ ಬೇರೆ ಕೈ ಕಂಡಿರಲಿಲ್ಲ. ಡ್ರೈವರು ಅದನ್ನು ಮುಟ್ಟಲಿಲ್ಲ. ನನ್ನ ಕಡೆ ತಿರುಗಿ, "ಉಸ್ತಾದ್ರೇ ಅದಾರಲ್ರಿ" ಎಂದ. ಅವನ ದೊಡ್ಡತನ ನನ್ನನ್ನು ಇನ್ನಷ್ಟು ಸುಟ್ಟಿತು.

ಸಾಹೇಬರು ನನ್ನನ್ನು ಕೇಳಿದರು: "ಇದು ನಿನ್ನ ಕೆಲಸದ ದೋಷವೋ? ಅಥವಾ ಇವನು ಮೊದಲು ಬಿಚ್ಚಿದ್ದರ ದೋಷವೋ?"

ಕಾರಣ ನನಗೆ ಗೊತ್ತಿತ್ತು. ಉರುಳೆ ನಿಂತಾಗಲೇ ಗೊತ್ತಾಗಿತ್ತು. ಗಡಿಯಾರಕ್ಕೆ ಗಾಜಿನ ಮನೆ ಇರುತ್ತದೆ, ಧೂಳೂ ಒಳಗೆ ಹೋಗುವುದಿಲ್ಲ. ಹೊಳೆಯಲ್ಲಿ ಮುಳುಗುವ ಯಂತ್ರಕ್ಕೆ ನಾನು ಗಡಿಯಾರದ ಬಿಗಿ ಕೊಟ್ಟಿದ್ದೆ. ಆದರೆ ಬಾಯಿಂದ ಹೊರಟದ್ದೇ ಬೇರೆ.

"ಮೊದ್ಲೇ ಒಬ್ರು ಬಿಚ್ಚಿದ ಯಂತ್ರ ಸಾಹೇಬ್ರೆ... ಒಳಗೆ ಎಂತೆಂತ ಆಗಿತ್ತೋ... ನಾನು ಎಂತ ಹೇಳೂದು."

ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ. ಪೂರಾ ಸುಳ್ಳೂ ಅಲ್ಲದಂತೆ, ನಾಳೆ ಯಾರಾದರೂ ಕೇಳಿದರೆ ನಾನು ಹಾಗಂದಿಲ್ಲ ಎನ್ನಲೂ ಬರುವಂತೆ ಹೇಳಿದ್ದೆ. ಡ್ರೈವರು ನನ್ನ ಮುಖ ನೋಡಿದ. ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು, ಅಷ್ಟೇ. ಆಮೇಲೆ ಎದ್ದು ನಿಂತು, "ಹೌದ್ರಿ ಸಾಹೇಬ್ರ, ನಾನು ಬಿಚ್ಚಿದ್ದೆ" ಎಂದ.

"ಇನ್ನು ಮೇಲೆ ನೀನು ನನ್ನ ರೀಲನ್ನು ಮುಟ್ಟಬಾರದು" ಎಂದರು ಸಾಹೇಬರು. ನನಗೆ, "ಮಂಗಳವಾರ ದೊಡ್ಡ ಸಾಹೇಬರು ಬರುತ್ತಾರೆ. ಅಷ್ಟರಲ್ಲಿ ನೀನು ಸರಿಪಡಿಸತಕ್ಕದ್ದು" ಎಂದು ದಿಬ್ಬ ಹತ್ತಿ ಹೋದರು.

ಮಧ್ಯಾಹ್ನ ಬಂಗಲೆಯ ಜಗಲಿಯಲ್ಲಿ ಬಿಚ್ಚಿದೆ. ಬಳೆಯೊಳಗೆ ರಾಗಿಕಾಳಿಗಿಂತ ಸಣ್ಣ ಎರಡು ಮರಳಿನ ಹರಳು. ಅವು ನನ್ನ ಕನ್ನಡಿಯಂಥ ಕಡ್ಡಿಯ ಮೇಲೆ ಉಂಗುರದ ಹಾಗೆ ಗೀರಿದ್ದವು, ಹಿತ್ತಾಳೆ ಕೆತ್ತಿ ಉಂಡೆಗಟ್ಟಿತ್ತು. ಲೇತು ಶಿರಸಿಯಲ್ಲಿ. ದಾರಕ್ಕೆ ಸಾಣೆಕಲ್ಲಿನ ಪುಡಿ ಮತ್ತು ಎಣ್ಣೆ ಹಚ್ಚಿ, ಕಡ್ಡಿಗೆ ಸುತ್ತಿ, ಎರಡೂ ತುದಿ ಹಿಡಿದು ಮಜ್ಜಿಗೆ ಕಡೆದ ಹಾಗೆ ಎಳೆದು ಎಳೆದು ಗೀರುಗಳನ್ನು ತೆಗೆದೆ. ಬಳೆಯ ಒಳಗನ್ನು ಮತ್ತೆ ನುಣುಪು ಮಾಡಿದೆ. ಗಡಿಯಾರದ ಎಣ್ಣೆ ಎರಡು ಹನಿ ಹಾಕಿ ಜೋಡಿಸಿದೆ. ಚೆನ್ನಾಗಿಯೇ ತಿರುಗಿತು. ಆದರೆ ಈಗ ನಾನು ನನ್ನನ್ನೇ ನಂಬುವ ಸ್ಥಿತಿಯಲ್ಲಿರಲಿಲ್ಲ. ಬಕೆಟ್ಟಿನಲ್ಲಿ ಹೊಳೆನೀರು ತರಿಸಿ, ಒಂದು ಮುಷ್ಟಿ ಮರಳು ಹಾಕಿ ಕಲಕಿ, ರೀಲನ್ನು ಮುಳುಗಿಸಿ ತಿರುಗಿಸಿದೆ. ಇಪ್ಪತ್ತು ಸುತ್ತು ತುಂಬುವ ಮೊದಲೇ ಕಚ್ಚಿತು.

ಮತ್ತೆ ಬಿಚ್ಚಿ, ತೊಳೆದು, ಗೀರು ತೆಗೆದು, ಈ ಸಲ ಎಣ್ಣೆ ಹೆಚ್ಚು ಹಾಕಿದೆ. ಮತ್ತೆ ಕಚ್ಚಿತು. ಸೋಮವಾರ ಬೆಳಿಗ್ಗೆ ಮೂರನೆಯ ಸಲವೂ ಕಚ್ಚಿದಾಗ ಬಟ್ಲರ ಬಂದು ಹೊಗೆಸೊಪ್ಪಿನ ಹಳೆಯ ಡಬ್ಬಿಯೊಂದನ್ನು ನನ್ನ ಮುಂದಿಟ್ಟ.

"ನಿನ್ನೆ ಹೋಗುವಾಗ ಡ್ರೈವರು ಕೊಟ್ಟು ಹೋದ. ಉಸ್ತಾದ್ರು ಕೇಳಿದ್ರೆ ಕೊಡು, ಕೇಳದಿದ್ರೆ ಬೇಡ ಅಂದಿದ್ದ. ನೀವು ಕೇಳೂ ಹಾಗೆ ಕಾಣೂದಿಲ್ಲ, ಅದಕ್ಕೆ ತಂದೆ."

ಒಳಗೆ ಹಳದಿ ಗ್ರೀಸು, ಅದರ ಮೇಲೆ ಕಾಗದದಲ್ಲಿ ಸುತ್ತಿದ ಚರ್ಮದ ಬಿಲ್ಲೆ. ಹೊಸದಾಗಿ ಕತ್ತರಿಸಿದ್ದು. ನಾನು ಮೊದಲಿನದನ್ನು ಎಸೆದಿದ್ದೇನೆಂದು ಅವನು ಶನಿವಾರ ರೀಲು ಮೀಟಿದಾಗಲೇ ತಿಳಿದುಕೊಂಡಿದ್ದ. ಆದರೂ ಅದರ ಮಾತೆತ್ತಿರಲಿಲ್ಲ. ನನಗೆ ಡಬ್ಬಿಯನ್ನು ಹೊಳೆಗೆ ಎಸೆಯುವಷ್ಟು ಸಿಟ್ಟು ಬಂತು. ಎಸೆದರೆ ಕೆಲಸ ಹೋಗುತ್ತದೆ, ಇಟ್ಟುಕೊಂಡರೆ ಮಾನ ಹೋಗುತ್ತದೆ.

ಕೊನೆಗೆ ಕೊರೆಯುವ ಸೂಜಿ ಎತ್ತಿಕೊಂಡೆ. ಎಂಟು ದಿನ ಉಸಿರು ಹಿಡಿದು ಮಾಡಿದ್ದ ಬಳೆಯನ್ನು ನನ್ನ ಕೈಯಿಂದಲೇ ದೊಡ್ಡದು ಮಾಡಬೇಕಿತ್ತು. ಒಂದು ಸುತ್ತು ಕೊರೆದೆ, ಕೈ ತಾನಾಗಿ ನಿಂತಿತು. ಇಷ್ಟು ಸಾಕು, ಇನ್ನೂ ಕೊರೆದರೆ ಹಾಳು ಎಂದು ಬೆರಳಿನ ಅಭ್ಯಾಸ ಹೇಳುತ್ತಿತ್ತು. ಇನ್ನೊಂದು ಸುತ್ತು ಕೊರೆದೆ. ಮತ್ತೊಂದು. ಉರುಳೆ ಈಗ ಕಡ್ಡಿಯ ಮೇಲೆ ನಿಧಾನವಾಗಿ ಇಳಿಯಲಿಲ್ಲ, ಟಕ್ಕೆಂದು ಬಿದ್ದಿತು. ನನಗೆ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ.

ಬುಡಕ್ಕೆ ಚರ್ಮ ಹಾಕಿದೆ, ಬಳೆಯ ತುಂಬ ಗ್ರೀಸು ತುಂಬಿದೆ. ಪಕ್ಕದ ಸಂದಿಯ ಅಳತೆಗೆ ಮಾತ್ರ ಏನೂ ಇರಲಿಲ್ಲ. ಆಗ ಅಂಗಿಯ ಕಿಸೆಯಲ್ಲಿದ್ದ ಮೋಟಾರು ಟಿಕೀಟು ನೆನಪಾಯಿತು. ತೆಗೆದು ಉರುಳೆಗೂ ತಟ್ಟೆಗೂ ನಡುವೆ ತೂರಿಸಿದೆ, ಹೋಗಲಿಲ್ಲ. ಕಡ್ಡಿಯ ತಲೆಯಲ್ಲಿ ಉರುಳೆಯನ್ನು ಹಿಡಿದಿದ್ದ ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿದೆ. ಟಿಕೀಟು ಸರಕ್ಕನೆ ಒಳಗೆ ಜಾರಿತು. ಬಕೆಟ್ಟಿನಲ್ಲಿ ಮುಳುಗಿಸಿ ನೂರು ಸುತ್ತು, ಇನ್ನೂರು ಸುತ್ತು ತಿರುಗಿಸಿದೆ. ಇನ್ನೊಂದು ಮುಷ್ಟಿ ಮರಳು ಹಾಕಿ ತಿರುಗಿಸಿದೆ. ಹೊರಗೆ ತೆಗೆದಾಗ ಗ್ರೀಸಿನ ಅಂಚಿಗೆ ಮರಳು ಅಂಟಿ ನಿಂತಿತ್ತು, ಒಳಗೆ ಒಂದು ಹರಳೂ ಹೋಗಿರಲಿಲ್ಲ.

ಮಂಗಳವಾರ ದೊಡ್ಡ ಸಾಹೇಬರು ಅದೇ ರೀಲಿನಲ್ಲಿ ಇಬ್ಬರು ಆಳು ಹೊರುವಂಥ ಮಹಶೀರವನ್ನು ದಂಡೆಗೆ ತಂದರು. ಅರ್ಧ ತಾಸು ರೀಲು ಒಂದೇ ಸಮನೆ ಕೂಗಿತು. ನಮ್ಮ ಸಾಹೇಬರು ಎಲ್ಲರೆದುರೇ ನನ್ನ ಬೆನ್ನು ತಟ್ಟಿ, "ಬಂಗಲೆಗಳ ಗಡಿಯಾರದ ಕೆಲಸಕ್ಕೆ ನಿನ್ನ ಹೆಸರನ್ನೇ ಬರೆಯುತ್ತೇನೆ" ಎಂದರು. ನಾನು ಕೈ ಮುಗಿದೆ. ಬಯಸಿದ್ದು ಕೈಗೆ ಬಂದಿತ್ತು.

ಬುಧವಾರ ಬೆಳಿಗ್ಗೆ ಶಿರಸಿಯ ಕಡೆ ಹೋಗುವ ಮೋಟಾರಿಗೆ ಹೊಳೆಯ ಹತ್ತಿರ ಕಾದು ನಿಂತೆ. ಬಂದು ನಿಂತಿತು. ಇವತ್ತು ಹಿಂದಿನ ಸೀಟೇ ನನಗೆ ಸರಿ ಎಂದುಕೊಂಡು ಹಿಂದಕ್ಕೆ ನಡೆಯುತ್ತಿದ್ದೆ.

"ಮುಂದ ಬರ್ರಿ ಉಸ್ತಾದ್ರ!" ಎಂದು ಡ್ರೈವರು ಕರೆದ. ಇಳಿದು ಬಂದು ನನ್ನ ಪೆಟ್ಟಿಗೆ ಎತ್ತಿಕೊಂಡ. ಅವನ ಕಣ್ಣು ಹೊಳೆಯುತ್ತಿತ್ತು. "ದೊಡ್ಡ ಮೀನು ಬಂತಂತಲ್ಲ, ಯಲ್ಲಾಪುರ ತುಂಬ ಅದೇ ಸುದ್ದಿ. ಹೇಳ್ರಿ, ಎಷ್ಟು ಸಡಿಲ ಮಾಡಿದ್ರಿ?"

ಅವನ ಮುಖದಲ್ಲಿ ನಾನು ಹುಡುಕಿದೆ. ಕುಹಕವಿದೆಯೇ, ಸಿಟ್ಟಿದೆಯೇ, ನೋವಾದರೂ ಇದೆಯೇ ಎಂದು ಹುಡುಕಿದೆ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವನಿಗೆ ಬೇಕಿದ್ದದ್ದು ರೀಲಿನ ಸುದ್ದಿ ಮಾತ್ರ. ನಾನು ಕಿಸೆಯಿಂದ ಎಣ್ಣೆಯಲ್ಲಿ ತೊಯ್ದು ಕಪ್ಪಾದ ಟಿಕೀಟು ತೆಗೆದು ತೋರಿಸಿದೆ.

ಅವನು ಅದನ್ನು ನೋಡಿ ಮಗುವಿನ ಹಾಗೆ ನಕ್ಕ. "ಆತಲ್ರಿ! ನಡೀತಲ್ರಿ!" ಎಂದ.

ಆಗ ನನಗಾದದ್ದು ನಾಚಿಕೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಾಚಿಕೆಯಲ್ಲ, ಮತ್ತೂ ಹೊಟ್ಟೆಕಿಚ್ಚು. ಕೆಲಸ ಸಿಕ್ಕಿದ್ದು ನನಗೆ, ಖುಷಿಯಾಗಿದ್ದವನು ಅವನು. ನಾನು ಕೊಟ್ಟ ಪೆಟ್ಟು ಕೂಡ ಅವನ ಖುಷಿಗೆ ತಾಗಿರಲಿಲ್ಲ. ಹೀಗೇ ಅವನ ಪಕ್ಕ ಕೂತು ಶಿರಸಿಯವರೆಗೆ ಹೋಗುವುದು ನನ್ನಿಂದ ಆಗದ ಮಾತಾಗಿತ್ತು.

"ನೀವು ಹೋಗಿ ಡ್ರೈವರ್ರೆ. ನಂಗೆ ಮೇಲೆ ಬಂಗಲೆಲಿ ಒಂದು ಕೆಲಸ ಉಳೀತು" ಎಂದೆ.

"ಹೋಗಿ ಬರ್ರಿ, ನಾವು ಇರ್ತೀವಿ. ಹೆಂಗೂ ಇಂಜಿನ್ ತಣೀಬೇಕು" ಎಂದು ಸೀಟಿನ ಕೆಳಗಿನ ಪೆಟ್ಟಿಗೆಗೆ ಕೈ ಹಾಕಿದ.

ದಿಬ್ಬ ಹತ್ತುವಾಗ ಹಿಂದಿನಿಂದ ಪ್ರಯಾಣಿಕರ ಗೊಣಗಾಟ ಕೇಳುತ್ತಿತ್ತು. ಸಾಹೇಬರು ಜಗಲಿಯಲ್ಲಿ ಸಾಮಾನು ಕಟ್ಟಿಸುತ್ತಿದ್ದರು. ಏದುಸಿರಿನಲ್ಲೇ ಎಲ್ಲ ಹೇಳಿದೆ. ದೋಷ ನನ್ನ ಕೆಲಸದ್ದು, ಅವನು ಬಿಚ್ಚಿದ್ದರಿಂದ ಏನೂ ಹಾಳಾಗಿರಲಿಲ್ಲ, ಮಂಗಳವಾರದ ಮೀನು ಬಂದದ್ದು ಅವನ ಉಪಾಯದಿಂದ, ಚರ್ಮ ಅವನದು, ಗ್ರೀಸು ಅವನದು ಎಂದೆಲ್ಲ ಹೇಳಿ ಟಿಕೀಟನ್ನೂ ಮೇಜಿನ ಮೇಲಿಟ್ಟೆ.

ಸಾಹೇಬರು ಟಿಕೀಟನ್ನು ತಿರುಗಿಸಿ ಮುರುಗಿಸಿ ನೋಡಿದರು. "ನೀನು ಅಂದೇ ಏಕೆ ಹೇಳಲಿಲ್ಲ?"

"ನೀವು ರೀಲನ್ನ ಮೊದ್ಲು ಅವ್ನ ಕಡೆ ಹಿಡಿದ್ರಿ ಸಾಹೇಬ್ರೆ" ಎಂದೆ. ಅದಕ್ಕಿಂತ ಹೆಚ್ಚಿನ ಕಾರಣ ನನ್ನಲ್ಲಿರಲಿಲ್ಲ.

ಅವರು ಹೊಳೆಯ ಕಡೆ ತಿರುಗಿದರು. ಕೆಳಗೆ ಮೋಟಾರು ಕಾಣುತ್ತಿತ್ತು, ಮಡ್ಗಾರ್ಡಿನ ಮೇಲೆ ಬಾಗಿದ ಡ್ರೈವರನ ಬೆನ್ನೂ ಕಾಣುತ್ತಿತ್ತು.

"ಮರಳಿನ ಬಕೆಟ್ಟಿನಲ್ಲಿ ಪರೀಕ್ಷೆ ಮಾಡಿದವನು ಯಾರು?"

"ಅದು ನಾನೇ."

"ಹಾಗಾದರೆ ಗಡಿಯಾರಗಳು ನಿನಗೆ" ಎಂದರು. "ರೀಲು ಅವನಿಗೆ."

ಹೀಗೆ ನನಗೆ ಆ ಕೆಲಸ ಸಿಕ್ಕಿತು. ಹದಿನೈದು ದಿನಕ್ಕೊಮ್ಮೆ ಬಂಗಲೆಯಿಂದ ಬಂಗಲೆಗೆ ಹೋಗಿ ಗಡಿಯಾರಗಳಿಗೆ ಕೀಲಿ ಕೊಡುತ್ತೇನೆ. ಬೇಡ್ತಿಯ ಬಂಗಲೆಯ ಗಡಿಯಾರ ಇರುವುದು ಒಳಗಿನ ಕೋಣೆಯಲ್ಲಿ, ಜಗಲಿಗೆ ತಾಗಿದ ಗೋಡೆಯ ಮೇಲೆ. ಹೊಳೆ ತಿಳಿಯಾದ ಕಾಲದಲ್ಲಿ ಹೋದರೆ ಜಗಲಿಯಲ್ಲಿ ಸಾಹೇಬರೂ ಡ್ರೈವರನೂ ಬಿಳಿ ಬಟ್ಟೆಯ ಎರಡು ಕಡೆ ಕೂತಿರುತ್ತಾರೆ. ಒಬ್ಬರದು ಗ್ರಾಂಥಿಕ, ಇನ್ನೊಬ್ಬನದು ಹುಬ್ಬಳ್ಳಿ. ನಗು ಮಾತ್ರ ಒಂದೇ ಸಮ. ನಡುನಡುವೆ ರೀಲಿನ ಕಿರ್‍ರ್ ಗೋಡೆಯಾಚೆಯಿಂದ ಬರುತ್ತದೆ. ಆ ಗಡಿಯಾರಕ್ಕೆ ಹದಿನಾಲ್ಕು ಸುತ್ತಿನ ಕೀಲಿ. ಅಲ್ಲಿ ಮಾತ್ರ ನನ್ನ ಎಣಿಕೆ ಯಾವಾಗಲೂ ತಪ್ಪುತ್ತದೆ.

ಹೋದ ಸಲವೂ ಹಾಗೇ ಎಣಿಕೆ ತಪ್ಪಿ ನಿಂತಿದ್ದೆ. ಹೊರಗಿನಿಂದ ಡ್ರೈವರು ಕೂಗಿದ.

"ಉಸ್ತಾದ್ರ, ಬರ್ರಿ ಹೊರಗ! ಸಾಹೇಬ್ರು ಜೋಡಿಸ್ಯಾರ, ಮತ್ತ ಒಂದು ಸ್ಕ್ರೂ ಉಳದೈತಿ!"

"ಬಂದೆ" ಎಂದೆ. ಆದರೆ ಗಡಿಯಾರದ ಬಾಗಿಲು ಮುಚ್ಚಲು ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡೆ.